ಅತಿಥಿ ಸೇವೆ ಮಾಡಬಹುದೆ?

ಮನೆಗೆ ಬಂದ ಅತಿಥಿ ಕೆಲಸಕ್ಕೆ ಕೈಹಾಕಿದರೆ ನಮಗೆ ಸಂಕೋಚವಾಗುತ್ತದೆ. "ನೀವು ಕೂತುಕೊಳ್ಳಿ, ನಿಮಗೇಕೆ ಈ ತೊಂದರೆ" ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ. ಆ ಮಾತಿನಲ್ಲಿ ಆದರ ಎಷ್ಟಿದೆಯೋ ಅಂತರವೂ ಅಷ್ಟೇ ಇದೆ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕೂತವನು ನೆಂಟ. ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಓಡಾಡುವವನು ಮನೆಯವನು. ಬೀಗರ ಕೈಗೆ ಯಾರೂ ಸೌಟು ಕೊಡುವುದಿಲ್ಲ. ಹೀಗಿರುವಾಗ, ಹತ್ತು ತಿಂಗಳ ಮಟ್ಟಿಗೆ ಪರದೇಶಕ್ಕೆ ಓದಲು ಹೋದ ವಿದ್ಯಾರ್ಥಿ ತನ್ನನ್ನು ಇರಿಸಿಕೊಂಡ ಊರಿನ ಸೇವೆಗೆ ನಿಂತರೆ ಅದನ್ನು ಏನೆಂದು ಕರೆಯಬೇಕು? ಅವನು ಕೊಡುವವನೋ, ಪಡೆಯುವವನೋ?

ನಮ್ಮಂಥ ಹೊರನಾಡಿನ ಕುಟುಂಬಗಳಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ನಮ್ಮ ಮಕ್ಕಳು, ಮೊಮ್ಮಕ್ಕಳು ವಿನಿಮಯ ವಿದ್ಯಾರ್ಥಿಗಳಾಗಿ ಹೋಗಿಬರುತ್ತಿದ್ದಾರೆ. ಅಮೆರಿಕದ ಹೈಸ್ಕೂಲುಗಳಿಗೆ ಹೋಗುವವರ ಬಗ್ಗೆ ಅಲ್ಲಿಯ ಸರಕಾರದ ನಿಯಮಗಳಲ್ಲಿ ಒಂದು ಸ್ವಾರಸ್ಯವಿದೆ. ವಿದ್ಯಾರ್ಥಿಯನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕುವ ಕುಟುಂಬಕ್ಕೆ ಸಂಭಾವನೆಯಿಲ್ಲ. ವಿದ್ಯಾರ್ಥಿಯೂ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ; ನೆರೆಮನೆಯ ಮಗುವನ್ನು ನೋಡಿಕೊಳ್ಳುವುದು, ಹುಲ್ಲು ಕತ್ತರಿಸುವುದು ಮುಂತಾದ ಆಗೀಗಿನ ಚಿಲ್ಲರೆ ಕೆಲಸಕ್ಕೆ ಮಾತ್ರ ಅನುಮತಿ. 2002ರಲ್ಲಿ ಆರಂಭವಾದ, ಸೆನೆಟರ್ ಕೆನೆಡಿ ಮತ್ತು ಲ್ಯೂಗರ್ ಅವರ ಹೆಸರಿನ ಯೋಜನೆಯಲ್ಲಿ ಭಾರತದ ಮಕ್ಕಳೂ ಹೋಗಿಬಂದಿದ್ದಾರೆ. ಊರಿನ ಸೇವೆ ಅದರ ಒಂದು ಅಂಗವೇ ಆಗಿತ್ತು. ಅಂದರೆ ಇಲ್ಲಿ ಅನ್ನಕ್ಕೂ ಬೆಲೆಯಿಲ್ಲ, ಶ್ರಮಕ್ಕೂ ಬೆಲೆಯಿಲ್ಲ. ಲೆಕ್ಕ ಬರೆಯಲು ಬಾರದ ಸಂಬಂಧ ಇದು.

ನಮ್ಮ ಬಳಗದ ಒಂದು ಮನೆಯ ಹುಡುಗಿ ಹೀಗೆ ಅಮೆರಿಕದ ಚಿಕ್ಕ ಊರೊಂದರಲ್ಲಿ ಇದ್ದು ಬಂದಳು. ಶನಿವಾರ ಬೆಳಿಗ್ಗೆ ಅವಳಿಗೆ ಆಹಾರ ಬ್ಯಾಂಕಿನಲ್ಲಿ ಕೆಲಸ. ಜನ ತಂದುಕೊಟ್ಟ ಡಬ್ಬಿಗಳ ಮೇಲಿನ ತಾರೀಖು ನೋಡುವುದು, ಉಬ್ಬಿದ ಡಬ್ಬಿಗಳನ್ನು ಬೇರೆ ಇಡುವುದು, ಬೀನ್ಸು, ಸೂಪು, ಅಕ್ಕಿ ಎಂದು ವಿಂಗಡಿಸಿ ಚೀಲ ತುಂಬುವುದು. ಶ್ರೀಮಂತ ದೇಶದಲ್ಲಿ ಅನ್ನಕ್ಕೆ ಸಾಲು ನಿಂತದ್ದನ್ನು ನೋಡಿ ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ. ಸಾಲಿನಲ್ಲಿ ಕಾರಿನಲ್ಲಿ ಬಂದವರೂ ಇದ್ದರು. ಅವಳಿಗೆ ಕೆಲಸ ಕಲಿಸಿದ ಮುದುಕ, ತಪ್ಪಾಗಿ ಜೋಡಿಸಿದರೆ ಎಲ್ಲರೆದುರು ಗದರುತ್ತಿದ್ದನಂತೆ. ಕೆಲವು ವರ್ಷಗಳ ಹಿಂದೆ ತಾನೂ ಅದೇ ಸಾಲಿನಲ್ಲಿ ನಿಂತವನೆಂದು ಒಂದು ದಿನ ಚೀಲ ಕಟ್ಟುತ್ತ ಕಟ್ಟುತ್ತಲೇ ಹೇಳಿದನಂತೆ. ಆ ದೇಶದ ಮೊದಲ ಆಹಾರ ಬ್ಯಾಂಕು 1967ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬವರಿಂದ ಆರಂಭವಾಯಿತು. ಆ ಉಪಾಯವನ್ನು ಅವರಿಗೆ ಸೂಚಿಸಿದವಳೂ ಅಂಗಡಿಗಳ ಹಿಂದೆ ಎಸೆದ ಪದಾರ್ಥ ಹೆಕ್ಕಿ ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ ಎಂದು ಹೇಳುತ್ತಾರೆ. ಸೇವೆಯ ಮನೆಯಲ್ಲಿ ಕೊಡುವ ಕೈ ಯಾವುದು, ಬೇಡುವ ಕೈ ಯಾವುದು ಎಂದು ಗೆರೆ ಎಳೆಯುವುದು ಅಷ್ಟು ಸುಲಭವಲ್ಲ.

ಹುಡುಗಿಯ ತಂದೆ ನಮ್ಮೊಡನೆ ಆಡಿದ ಮಾತು ಬೇರೆ. "ಡಬ್ಬಿ ಜೋಡಿಸಲು ಏಳು ಸಮುದ್ರ ದಾಟಬೇಕಿತ್ತೆ? ಹಸಿದವರು ನಮ್ಮ ಸ್ಟೇಷನ್ನಿನ ಸೇತುವೆಯ ಮೇಲೇ ಇಲ್ಲವೆ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಮನೆಗಳಲ್ಲಿ ಮಕ್ಕಳು ಉಂಡ ತಟ್ಟೆಯನ್ನು ಇನ್ನಾರೋ ಎತ್ತುತ್ತಾರೆ. ಯಾವ ಕೆಲಸ ಯಾರದು ಎಂಬುದು ಮಗು ಕಣ್ಣು ಬಿಡುವ ಮೊದಲೇ ಗೊತ್ತಾಗಿ ಹೋಗಿರುತ್ತದೆ. ಪರರ ಮನೆಯಲ್ಲಿ ತನ್ನ ತಟ್ಟೆ ತಾನು ತೊಳೆದಾಗಲೇ ಆ ಏರ್ಪಾಡು ಏರ್ಪಾಡಾಗಿ ಕಾಣುವುದು. ಬಂದ ಮೇಲೆ ಆ ಹುಡುಗಿ ಸೇತುವೆಯ ಮೇಲೆ ನಿಂತು ನೋಡುತ್ತಾಳೆಯೇ ಎಂಬುದು ಬೇರೆ ವಿಷಯ. ಮೊದಲು ನೋಡುತ್ತಿರಲಿಲ್ಲ ಎಂಬುದಂತೂ ನಿಜ.

ಗಂಟೆ ಎಣಿಸುವ ಸೇವೆಯನ್ನು ಗೇಲಿ ಮಾಡುವವರುಂಟು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 75 ಗಂಟೆಗಳ ಸೇವೆಯಿಲ್ಲದೆ ಹೈಸ್ಕೂಲು ಮುಗಿಸುವಂತಿಲ್ಲವೆಂದು 1992ರಲ್ಲಿ ನಿಯಮವಾಯಿತು. ನಮ್ಮಲ್ಲಿ 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯಲ್ಲೂ ಎರಡು ವರ್ಷಕ್ಕೆ 240 ಗಂಟೆಯ ಲೆಕ್ಕವಿದೆ. ಇದರಲ್ಲಿ ನಮಗೆ ದೊಡ್ಡ ದೋಷ ಕಾಣದು. ಮಗ್ಗಿಯನ್ನು ಯಾರು ತಾನೆ ಪ್ರೀತಿಯಿಂದ ಕಲಿತದ್ದು?

ನಿಜವಾದ ಆಕ್ಷೇಪ ಬಂದದ್ದು ಇನ್ನೊಂದು ಕಡೆಯಿಂದ. 1968ರ ಏಪ್ರಿಲಿನಲ್ಲಿ, ಬೇಸಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಹೋಗುವ ಅಮೆರಿಕದ ವಿದ್ಯಾರ್ಥಿಗಳ ಸಂಘಟನೆಯೊಂದರ ಸಭೆಗೆ ಇವಾನ್ ಇಲ್ಲಿಚ್ ಭಾಷಣ ಮಾಡಿದರು. ಕರೆದವರ ಮುಖದೆದುರೇ ಅವರು ಆಡಿದ ಮಾತಿನ ತಾತ್ಪರ್ಯ ಇಷ್ಟು: ಬನ್ನಿ, ನೋಡಿ, ಬೆಟ್ಟ ಹತ್ತಿ, ಹೂವಿನ ಸೊಗಸು ಸವಿಯಿರಿ, ಓದಿ; ಆದರೆ ಉದ್ಧಾರ ಮಾಡಲು ಮಾತ್ರ ಬರಬೇಡಿ. ಭಾಷೆ ಬಾರದ ಹಳ್ಳಿಗೆ ಹೋಗಿ ನಿಂತರೆ, ಅವರು ನಿಮ್ಮನ್ನು ಏನೆಂದು ತಿಳಿದಿದ್ದಾರೆಂಬುದೂ ನಿಮಗೆ ಗೊತ್ತಾಗದು. ನಿಮ್ಮ ಊರಿನ ಬಡವರ ಬಳಿ ಹೋದರೆ ಅವರು ಬೈದದ್ದಾದರೂ ಅರ್ಥವಾದೀತು. (ವಿಯೆನ್ನಾದಲ್ಲಿ ಹುಟ್ಟಿದ ಇಲ್ಲಿಚ್ ಅವರೂ ಮೆಕ್ಸಿಕೋಗೆ ಅತಿಥಿಯೇ. ಅದಕ್ಕೇ ಇರಬೇಕು, ಮಾತಿಗೆ ಅಷ್ಟು ಮೊನೆ.)

ಈ ಮಾತನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ಆದರೆ ಅದು ಯಾರಿಗೆ ತಗಲುತ್ತದೆ ಎಂಬುದನ್ನು ನೋಡಬೇಕು. ಎರಡು ತಿಂಗಳಿಗೆ ಸೇವೆಯನ್ನೇ ಗಂಟುಕಟ್ಟಿಕೊಂಡು ಬಂದವನು ಒಬ್ಬ. ಕಲಿಯಲು ಬಂದು, ಒಂದು ಮನೆಯ ಅನ್ನ ಉಂಡು, ಅವರ ಮಾತು ಕಲಿತು, ಅವರ ಗದರಿಕೆ ಕೇಳಿಸಿಕೊಂಡು, ಆಮೇಲೆ ಅವರು ಕರೆದರೆಂದು ಶನಿವಾರ ಚೀಲ ಕಟ್ಟಲು ಹೋದವನು ಇನ್ನೊಬ್ಬ. ಮೊದಲನೆಯವನು ಉಣ್ಣುವ ಮೊದಲೇ ಬಡಿಸಲು ಹೊರಟವನು. ಎರಡನೆಯವನಿಗೆ ಸೌಟನ್ನು ಮನೆಯವರೇ ಕೈಯಲ್ಲಿ ಇಟ್ಟಿದ್ದಾರೆ. ಆ ಮುದುಕನ ಗದರಿಕೆಗೆ ನಾವು ಬೆಲೆ ಕಟ್ಟುವುದು ಇದಕ್ಕಾಗಿಯೇ. ಉಪಕಾರಿಯನ್ನು ಯಾರೂ ಗದರುವುದಿಲ್ಲ, ಗದರುವುದು ಮನೆಯವರನ್ನು.

ವಿದ್ಯಾರ್ಥಿ ವಿನಿಮಯದ ಹಳೆಯ ಸಂಸ್ಥೆಗಳಲ್ಲೊಂದಾದ ಅಮೆರಿಕನ್ ಫೀಲ್ಡ್ ಸರ್ವಿಸ್ಸಿನ ಚರಿತ್ರೆಯೂ ಇದನ್ನೇ ಸೂಚಿಸುವಂತಿದೆ. 1915ರಲ್ಲಿ ಅದು ಹುಟ್ಟಿದ್ದು ಫ್ರಾನ್ಸಿನ ರಣರಂಗದಲ್ಲಿ. ಅಮೆರಿಕ ಇನ್ನೂ ಯುದ್ಧಕ್ಕೆ ಸೇರಿರಲಿಲ್ಲ. ಅಲ್ಲಿಯ ತರುಣರು ಸ್ವಂತ ಇಚ್ಛೆಯಿಂದ ಬಂದು ಗಾಯಾಳುಗಳನ್ನು ಸಾಗಿಸುವ ವಾಹನ ನಡೆಸಿದರು. ಎರಡನೆಯ ಮಹಾಯುದ್ಧದಲ್ಲೂ ಅದೇ ಕೆಲಸ. ಸಾವಿನ ನಡುವೆ ಅಂಥ ಸೇವೆ ಮಾಡಿದವರು, ಯುದ್ಧ ಮುಗಿದ ಮೇಲೆ, ಸ್ಟೀಫನ್ ಗಲಾಟಿಯವರ ನೇತೃತ್ವದಲ್ಲಿ, 1947ರಿಂದ ಹೈಸ್ಕೂಲು ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸಲು ತೊಡಗಿದರು. ಗಾಯ ಕಟ್ಟಿದ ಕೈಗಳು, ಪರದೇಶದ ಊಟದ ಮೇಜಿನ ಬಳಿ ಒಂದು ವರ್ಷ ಕೂರುವುದನ್ನೇ ಹೆಚ್ಚಿನ ಕೆಲಸವೆಂದು ತಿಳಿದವು.

ನಮ್ಮ ಶರಣರು ದಾನವೆನ್ನದೆ ದಾಸೋಹವೆಂದರು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಕೊಡುವವನೇ ಆಳು. ಪಡೆಯುವವನು ಒಪ್ಪಿದರಲ್ಲದೆ ದಾಸೋಹ ನಡೆಯುವುದೇ ಇಲ್ಲ. ಹಾಗೆ ನೋಡಿದರೆ, ವಿದ್ಯಾರ್ಥಿಯ ಸೇವೆಯಲ್ಲಿ ದೊಡ್ಡ ಪಾಲು ಅದಕ್ಕೆ ಎಡೆಮಾಡಿಕೊಟ್ಟ ಊರಿನದು. ಅತಿಥಿಗೆ ಕೊಡಬಹುದಾದ ಕೊನೆಯ ಆದರವೆಂದರೆ ಅವನಿಂದ ಕೆಲಸ ಮಾಡಿಸಿಕೊಳ್ಳುವುದು.

ಇಷ್ಟು ಹೇಳಿದ ಮೇಲೆ ಮಾತು ನಮ್ಮ ಕಡೆಗೆ ತಿರುಗಲೇಬೇಕು. ವಿನಿಮಯ ವಿದ್ಯಾರ್ಥಿ ವರ್ಷ ಮುಗಿದೊಡನೆ ಊರಿಗೆ ಮರಳುತ್ತಾನೆ. ನಾವು ಮರಳಲಿಲ್ಲ. ಹೋಟೆಲಿನ ಹುಡುಗರಾಗಿ, ಗುಮಾಸ್ತರಾಗಿ ಈ ನಗರಗಳಿಗೆ ಬಂದ ನಮ್ಮ ಹಿರಿಯರು ಇಲ್ಲಿಯವರ ಭಾಷೆ ಕಲಿತರು, ಬೈಗುಳವನ್ನೂ ಕಲಿತರು. ಮುಂಬಯಿಯಲ್ಲಿ ಹಗಲೆಲ್ಲ ಊರಿಗೆ ಬಡಿಸಿದ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು. ಈಗ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಅತಿಥಿಗಳೆಂದರೆ ಅವರೇ ನಕ್ಕಾರು. ಅವರು ಆತಿಥೇಯರು. ಬಿಹಾರದಿಂದ, ಒಡಿಶಾದಿಂದ, ನೇಪಾಳದಿಂದ ಬಂದು ನಮ್ಮ ಕಟ್ಟಡಗಳ ಬಾಗಿಲು ಕಾಯುವವರಿಗೆ, ಲಿಫ್ಟು ನಡೆಸುವವರಿಗೆ ಈ ಊರಿನ ಮನೆಯವರು ಈಗ ನಾವೇ. ಗಣೇಶೋತ್ಸವದ ದಿನ ಸಂಘದ ಸಭಾಂಗಣದಲ್ಲಿ ಊಟ ನಡೆಯುತ್ತದೆ. ಕಾವಲುಗಾರನ ಮಗ ಕೊನೆಯ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡು ಹೋಗುತ್ತಾನೆ, ಅದಕ್ಕೆ ಕೊರತೆಯಿಲ್ಲ. ಮೊದಲ ಪಂಕ್ತಿಗೆ ಬಡಿಸಲು ಅವನ ಕೈಗೆ ಪಾಯಸದ ಸೌಟನ್ನು ನಮ್ಮಲ್ಲಿ ಯಾರಾದರೂ ಕೊಟ್ಟಿದ್ದೇವೆಯೆ?