ಕೋವಿ, ಕಾಯಿಲೆ ಮತ್ತು ಕಳಂಕ

ಗೋಪಾಳದಲ್ಲಿರುವ ನಮಗೆ ಬಂದೂಕು ದೂರದ ವಸ್ತು. ತೀರ್ಥಹಳ್ಳಿಯ ಕಡೆ ಹೋದರೆ, ಕಾಡುಹಂದಿಯಿಂದ ಬೆಳೆ ಕಾಯುವ ರೈತರ ಮನೆಗಳಲ್ಲಿ ಪರವಾನಗಿ ಪಡೆದ ಕೋವಿಗಳಿವೆ. ಅಂಥವರೊಬ್ಬರು ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಗುಣವಾಗಿ ಬಂದರೆ ಅವರ ಕೈಗೆ ಕೋವಿ ಮರಳಿ ಕೊಡಬಹುದೇ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಚಿತ್ತಸ್ವಾಸ್ಥ್ಯವಿಲ್ಲದವರಿಗೆ ಪರವಾನಗಿಯಿಲ್ಲ. ಆದರೆ ಮಾನಸಿಕ ಕಾಯಿಲೆಯಿದೆ ಎಂದ ಮಾತ್ರಕ್ಕೆ, ನ್ಯಾಯಾಲಯ ಘೋಷಿಸದ ಹೊರತು, ಯಾರನ್ನೂ ಹಾಗೆ ಪರಿಗಣಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಬಂದೂಕನ್ನು ಹಕ್ಕೆಂದೇ ಎಣಿಸುವ ಅಮೆರಿಕದಲ್ಲೂ 2016ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದರ ಮುಂದೆ ಇಂಥದೇ ಪ್ರಶ್ನೆ ಬಂತು. ಸುಮಾರು ಮೂವತ್ತು ವರ್ಷಗಳ ಹಿಂದೆ, ವಿಚ್ಛೇದನದ ಆಘಾತದಲ್ಲಿ ಕೆಲವು ವಾರ ಆಸ್ಪತ್ರೆಯಲ್ಲಿದ್ದವರ ಮೇಲಿನ ಆಜೀವ ನಿಷೇಧಕ್ಕೆ ಸರಕಾರ ಕೊಟ್ಟ ಸಮರ್ಥನೆ ಸಾಲದೆಂದು ಅದು ಹೇಳಿತು.

ಅಪಾಯದ ದಿನಗಳಲ್ಲಿ ಕೋವಿ ಕೈಗೆಟುಕಬಾರದು. ಅದರಿಂದ ಮನೆಯವರ ಜೀವಕ್ಕೂ ಅಪಾಯವಿದೆ, ರೋಗಿಯ ಜೀವಕ್ಕೂ ಇದೆ. ಆದರೆ ಚಿಕಿತ್ಸೆ ಪಡೆದದ್ದೇ ಕಳಂಕವಾದರೆ ವೈದ್ಯರ ಬಳಿ ಯಾರು ಹೋದಾರು? ಕಾಯಿಲೆ ಮುಚ್ಚಿಟ್ಟ ಮನೆಯ ಕೋವಿ ಇನ್ನೂ ಅಪಾಯಕಾರಿಯಲ್ಲವೇ?

ಚುನಾವಣೆ ಬಂದಾಗ ರೈತರು ಕೋವಿಯನ್ನು ಠಾಣೆಯಲ್ಲಿಟ್ಟು, ಮುಗಿದ ಮೇಲೆ ತರುತ್ತಾರೆ. ಅದರಿಂದ ಯಾರ ಮಾನವೂ ಹೋಗಿಲ್ಲ. ಕಾಯಿಲೆಯ ದಿನಗಳಿಗೂ ಅದೇ ರೀತಿ ಯಾಕಾಗಬಾರದು? ಗುಣವಾದವರನ್ನು ವೈದ್ಯರು ಪರೀಕ್ಷಿಸಲಿ, ಅಧಿಕಾರಿಗಳು ನಿರ್ಧರಿಸಲಿ. ಹಳೆಯ ಆಸ್ಪತ್ರೆ ಚೀಟಿಯೊಂದೇ ತೀರ್ಪಾಗದಿರಲಿ.