ಕೈಗಂಟಿದ ಮದ್ದು

ಚಿತ್ರದುರ್ಗದ ಕೋಟೆ ನೋಡಹೋದವರು ಮದ್ದು ಬೀಸುವ ಕಲ್ಲುಗಳ ಬಳಿ ಒಂದು ಗಳಿಗೆಯಾದರೂ ನಿಲ್ಲುತ್ತಾರೆ. ಹೊಂಡದೊಳಗೆ ನಾಲ್ಕು ಭಾರಿ ಕಲ್ಲುಗಳು. ಗಂಧಕ, ಇದ್ದಿಲು, ಪೆಟ್ಲುಪ್ಪುಗಳನ್ನು ಅರೆಯುತ್ತಿದ್ದ ಕಾಲದಲ್ಲಿ ಆಳಿನ ಕೈ ಮೂಸಿದರೆ ಅವನ ಕಸುಬು ತಿಳಿಯುತ್ತಿದ್ದಿರಬೇಕು.

ಇಂದಿನ ಸಿಡಿಮದ್ದುಗಳು ಮಹಾ ಗುಟ್ಟಿನವು. ಟಿ.ಎನ್.ಟಿ.ಯನ್ನು ಸೋಕಿನಿಂತ ಗಾಳಿಯಲ್ಲೂ ನೂರು ಕೋಟಿ ಅಣುಗಳಿಗೆ ಅದರ ಅಣುಗಳು ಹತ್ತರ ಆಸುಪಾಸು, ಆರ್.ಡಿ.ಎಕ್ಸ್.ನವು ಲಕ್ಷ ಕೋಟಿಗೆ ನಾಲ್ಕಾರು. ಆದ್ದರಿಂದಲೇ ವಿಮಾನ ನಿಲ್ದಾಣಗಳಲ್ಲಿ ಬರಿಯ ಗಾಳಿಯನ್ನು ನೆಚ್ಚದೆ, ಚೀಲದ ಹಿಡಿಕೆಯನ್ನೋ ಅಂಗೈಯನ್ನೋ ಸಣ್ಣ ಬಟ್ಟೆಯಿಂದ ಒರೆಸಿ ಯಂತ್ರಕ್ಕೆ ಒಡ್ಡುತ್ತಾರೆ. ಯಂತ್ರವು ಅದನ್ನು ಕಾಯಿಸಿ, ಎದ್ದ ಆವಿಗೆ ವಿದ್ಯುದಾವೇಶ ಕೊಟ್ಟು, ಕಣಗಳು ಒಂದು ನಳಿಗೆಯನ್ನು ದಾಟಲು ಹಿಡಿದ ಹೊತ್ತನ್ನು ಅಳೆದು, ಕೆಲವೇ ಕ್ಷಣಗಳಲ್ಲಿ ‘ಇದೆ’ ಅಥವಾ ‘ಇಲ್ಲ’ ಎನ್ನುತ್ತದೆ.

ಆ ‘ಇದೆ’ ಎಂಬುದಕ್ಕೆ ಅರ್ಥವೇನು? ದುರ್ಗದ ಸೀಮೆಯಲ್ಲಿ ಕಲ್ಲುಗಣಿಗಳಿಗೆ ಕೊರತೆಯಿಲ್ಲ. ಬಂಡೆಗೆ ಕುಳಿ ತೋಡಿ ಮದ್ದು ತುಂಬುವವನ ಅಂಗಿಯಲ್ಲಿ ಅದರ ಕಣ ಇದ್ದರೆ, ಅದು ಅವನ ಕೂಲಿಯ ಗುರುತು. ಎದೆನೋವಿಗೆಂದು ನಾಲಗೆಯಡಿ ಇಡುವ ಗುಳಿಗೆಯಲ್ಲಿರುವ ನೈಟ್ರೋಗ್ಲಿಸರಿನ್ನೇ ಡೈನಮೈಟಿನ ಸತ್ತ್ವ. (ಡೈನಮೈಟಿನ ಜನಕ ನೊಬೆಲ್ಲನಿಗೇ ಕೊನೆಗಾಲದಲ್ಲಿ ವೈದ್ಯರು ಅದನ್ನು ಸೂಚಿಸಿದ್ದರಂತೆ!)

ಇದು ಬರಿಯ ಕಲ್ಪನೆಯ ಭಯವಲ್ಲ. 1974ರ ನವೆಂಬರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು 21 ಮಂದಿ ಸತ್ತರು. ಆ ರಾತ್ರಿಯೇ ಹಿಡಿದ ಕೆಲವರ ಕೈ ಒರೆಸಿ, ರಸಾಯನದಲ್ಲಿ ಬಣ್ಣ ತಿರುಗಿದ್ದನ್ನು ಕಂಡು, ಇವರು ಮದ್ದು ಮುಟ್ಟಿದ್ದು ಶೇಕಡಾ 99ರಷ್ಟು ಖಚಿತವೆಂದು ಪರೀಕ್ಷಕರು ನುಡಿದರು. ಅವರು ರೈಲಿನಲ್ಲಿ ಇಸ್ಪೀಟಾಡುತ್ತ ಬಂದಿದ್ದರು. ಎಲೆಗಳ ಲೇಪದಲ್ಲಿರುವ ನೈಟ್ರೋಸೆಲ್ಯುಲೋಸ್ ಕೂಡ ಅದೇ ಬಣ್ಣ ಕೊಡಬಲ್ಲದೆಂದು ಆಮೇಲೆ ತಿಳಿಯಿತು. ತಪ್ಪೊಪ್ಪಿಗೆಗಳೂ ಹೊಡೆದು ಪಡೆದವೆಂಬ ದೂರಿತ್ತು. ಆರು ಮಂದಿ ಬಿಡುಗಡೆಯಾದದ್ದು 1991ರಲ್ಲಿ.

ತಪಾಸಣೆಯೇ ಬೇಡವೆನ್ನುವಷ್ಟು ನಾನು ಉದಾರಿಯಲ್ಲ. ಒಂದು ಚೀಲ ಕಣ್ತಪ್ಪಿದರೆ ಎಷ್ಟು ಮನೆ ಹಾಳು! ನನ್ನ ತಕರಾರು ಬೇರೆ. ನೆರೆಯವನು ನಮ್ಮನ್ನು ಶಂಕಿಸಿದರೆ, ‘ನಿನಗೆ ನನ್ನ ಮೇಲೆ ಹಗೆ’ ಎಂದು ಎದುರಾಡಬಹುದು. ಯಂತ್ರಕ್ಕೆ ಹಗೆಯಿಲ್ಲ, ಅಷ್ಟರಿಂದಲೇ ಅದು ನ್ಯಾಯವಂತವೆಂದು ನಂಬಿಬಿಡುತ್ತೇವೆ. ಅದು ಸೂಕ್ಷ್ಮವಾದಷ್ಟೂ ಕಂಡ ಕಣಗಳು ಹೆಚ್ಚು, ಕಣ ಹೊತ್ತ ಅಮಾಯಕರೂ ಹೆಚ್ಚು. ಅದು ಬಲ್ಲದ್ದು ಸ್ಪರ್ಶವನ್ನು, ಸಂಕಲ್ಪವನ್ನಲ್ಲ.

ಗಣಿಯ ಆಳೊಬ್ಬ ಮೊದಲ ಸಲ ವಿಮಾನವೇರಲು ಬಂದನೆನ್ನಿ. ಕೆಂಪು ದೀಪ ಹೊತ್ತಿತು. ಹಿಂದಿನ ಸಾಲು ಎರಡು ಹೆಜ್ಜೆ ಸರಿಯಿತು. ಅವನೊಡನೆ ಹರಟುತ್ತಿದ್ದವರು ಮುಖ ತಿರುಗಿಸಿದರು. ‘ಏನಪ್ಪಾ, ಯಾವ ಕೆಲಸ ಮಾಡ್ತೀ?’ ಎಂದು ಯಾರಾದರೂ ಅವನ ಭಾಷೆಯಲ್ಲಿ ಕೇಳಿದರೆ, ‘ಬಂಡೆ ಸಿಡಿಸ್ತೀನಿ ಸ್ವಾಮಿ’ ಎಂದಾನು. ಆ ಮಾತನ್ನೂ ಒರೆಗೆ ಹಚ್ಚಲಿ. ಅದು ಮುಗಿಯುವ ತನಕ ಅವನಿಗೆ ಕೂರಲು ಒಂದು ಕುರ್ಚಿ ಕೊಡಲಿ.