ಮೂರು ಪರಮಾಣುಗಳ ಸಾಕ್ಷ್ಯ

ತಾರ್ಕಿಕ: ಆವರ್ತಕೋಷ್ಟಕದ 113ನೆಯ ಮನೆಯಲ್ಲಿರುವ ನಿಹೋನಿಯಂ ಪ್ರಕೃತಿಯಲ್ಲಿ ಸಿಗದು, ಜಪಾನಿನಲ್ಲಿ ತಯಾರಾದ ಅದರ ಪರಮಾಣುಗಳೂ ಸೆಕೆಂಡಿನ ಸಾವಿರದ ಕೆಲವೇ ಅಂಶಗಳಲ್ಲಿ ಅಳಿದುಹೋದವು. ಯಾರೂ ಕಾಣದ ಇಂಥ ಧಾತು ಉಂಟೆನ್ನಲು ಪ್ರಮಾಣವೇನು?

ರಸಾಯನಜ್ಞೆ: ಅನುಮಾನವೇ ಪ್ರಮಾಣ, ಅಂದರೆ ಉಳಿದ ಗುರುತಿನಿಂದ ಅಳಿದ ವಸ್ತುವನ್ನು ಅರಿಯುವ ಕ್ರಮ. ರಿಕೆನ್ ಸಂಸ್ಥೆಯಲ್ಲಿ ಕೊಸುಕೆ ಮೊರಿಟಾ ಅವರ ತಂಡವು 30 ಪ್ರೋಟಾನುಗಳ ಸತುವಿನ ನ್ಯೂಕ್ಲಿಯಸ್ಸುಗಳನ್ನು ಬೆಳಕಿನ ವೇಗದ ಸುಮಾರು ಹತ್ತರಲ್ಲೊಂದು ಪಾಲಿನ ವೇಗದಲ್ಲಿ 83 ಪ್ರೋಟಾನುಗಳ ಬಿಸ್ಮತ್ತಿಗೆ ಅಪ್ಪಳಿಸಿತು; ಎರಡೂ ಬೆಸೆದು ಒಂದು ನ್ಯೂಟ್ರಾನನ್ನು ಹೊರಹಾಕಿದಾಗ 278 ದ್ರವ್ಯಸಂಖ್ಯೆಯ ನಿಹೋನಿಯಂ ಉಳಿಯಿತು. ಅದು ಆಲ್ಫಾ ಕಣವನ್ನು, ಅಂದರೆ ಎರಡು ಪ್ರೋಟಾನು ಹಾಗೂ ಎರಡು ನ್ಯೂಟ್ರಾನುಗಳ ಕಟ್ಟನ್ನು, ಉಗುಳಿದಾಗಲೆಲ್ಲ ಕೋಷ್ಟಕದಲ್ಲಿ ಎರಡು ಮನೆ ಹಿಂದೆ ಸರಿಯುತ್ತದೆ. ಪ್ರತಿ ಹೆಜ್ಜೆಯ ಶಕ್ತಿ ಹಾಗೂ ಸಮಯವನ್ನು ಶೋಧಕವು ದಾಖಲಿಸುತ್ತದೆ.

ತಾರ್ಕಿಕ: 2004 ಮತ್ತು 2005ರಲ್ಲಿ ತಲಾ ಒಂದು ಪರಮಾಣು ಕಂಡರೂ ಮಾನ್ಯತೆ ದೊರೆಯಲಿಲ್ಲ, 2012ರಲ್ಲಿ ಮೂರನೆಯದು ಕಂಡ ಬಳಿಕ, 2015ರ ಕೊನೆಗೆ ದೊರೆಯಿತು. ಎರಡು ಸಾಲದು, ಮೂರು ಸಾಕು ಎಂಬುದು ಯಾವ ನ್ಯಾಯ?

ರಸಾಯನಜ್ಞೆ: ಸರಪಳಿ ಎಲ್ಲಿಗೆ ತಲುಪಿತೆಂಬುದನ್ನು ಗಮನಿಸಬೇಕು. ಮೊದಲೆರಡು ಸಲ ಅದು ನಾಲ್ಕು ಆಲ್ಫಾ ಕಣಗಳ ಬಳಿಕ ಡುಬ್ನಿಯಂ-262ಕ್ಕೆ ಬಂದು, ಆ ನ್ಯೂಕ್ಲಿಯಸ್ ತಾನಾಗಿ ಹೋಳಾದ್ದರಿಂದ ಅಲ್ಲಿಗೇ ಮುಗಿಯಿತು. ಮೂರನೆಯ ಸಲ ಇನ್ನೆರಡು ಆಲ್ಫಾ ಕಣಗಳು ಹೊರಟು, ಲಾರೆನ್ಸಿಯಂ-258ರ ಮೂಲಕ ಮೆಂಡಲೀವಿಯಂ-254ರವರೆಗೆ ಸಾಗಿತು. ಅಷ್ಟರಲ್ಲಿ ತಂಡವು ಕ್ಯೂರಿಯಂಗೆ ಸೋಡಿಯಂ ಅಪ್ಪಳಿಸಿ, ನಡುಗೊಂಡಿಯಾದ ಬೋರಿಯಂ-266ನ್ನು ಪ್ರತ್ಯೇಕವಾಗಿ ತಯಾರಿಸಿ, ಅದು ಕ್ಷಯಿಸುವ ರೀತಿಯನ್ನೂ ಪರೀಕ್ಷಿಸಿತ್ತು. ಮೊಮ್ಮಕ್ಕಳ ಗುರುತು ಖಚಿತವಾದರೆ ಅಜ್ಜನ ಕುಲವೂ ತಿಳಿಯುತ್ತದೆ.

ತಾರ್ಕಿಕ: ಇರವನ್ನು ಒಪ್ಪೋಣ. ಆದರೆ ಗುಣಗಳೆಂಬ ಧರ್ಮವಿಲ್ಲದೆ ಅವನ್ನು ಹೊರುವ ಧರ್ಮಿ ಇರಲಾರದಷ್ಟೆ. ಬಣ್ಣವಾಗಲಿ ಕರಗುವ ಬಿಂದುವಾಗಲಿ ಇಲ್ಲದ್ದು ಧಾತುವಾದೀತೆ?

ರಸಾಯನಜ್ಞೆ: ಅವು ಅಸಂಖ್ಯ ಪರಮಾಣುಗಳು ಕೂಡಿದಾಗ ಹುಟ್ಟುವ ಗುಣಗಳು, ಧಾತುವಿನ ಲಕ್ಷಣವನ್ನು ನಿರ್ಧರಿಸುವುದು ಪ್ರೋಟಾನುಗಳ ಸಂಖ್ಯೆ. ನ್ಯೂಕ್ಲಿಯಸ್ ತನ್ನ ಸುತ್ತ ಎಲೆಕ್ಟ್ರಾನುಗಳನ್ನು ಕೂಡಿಸಿಕೊಳ್ಳುವಷ್ಟು ಕಾಲ, ಅಂದರೆ ಸುಮಾರು 10⁻¹⁴ ಸೆಕೆಂಡಾದರೂ, ಬಾಳಿದರೆ ಧಾತುವೆನಿಸಲು ಸಾಕು. ಒಂಟಿ ಪರಮಾಣುವಿಗೂ ಗುಣವಿಲ್ಲದಿಲ್ಲ: ಹೆಚ್ಚು ಕಾಲ ಬಾಳುವ ನಿಹೋನಿಯಂ ಐಸೊಟೋಪುಗಳ, ಅಂದರೆ ನ್ಯೂಟ್ರಾನುಗಳ ಸಂಖ್ಯೆಯಲ್ಲಷ್ಟೇ ಭಿನ್ನವಾದ ರೂಪಗಳ, ಪರಮಾಣುಗಳು ಕ್ವಾರ್ಟ್ಸ್, ಚಿನ್ನಗಳಂಥ ಮೇಲ್ಮೈಗೆ ಎಷ್ಟು ಬಿಗಿಯಾಗಿ ಅಂಟುತ್ತವೆಂಬುದನ್ನು ಒಂದೊಂದಾಗಿಯೇ ಪರೀಕ್ಷಿಸಲಾಗಿದೆ.

ತಾರ್ಕಿಕ: ಹಾಗಾದರೆ ನಿಹೋನಿಯಂನ ಕರಗುವ ಬಿಂದುವನ್ನು ಅಜ್ಞಾತವೆನ್ನುವುದೂ ತಪ್ಪಾದೀತು, ಏಕೆಂದರೆ ಅದನ್ನು ಹೊರಬೇಕಾದ ಧರ್ಮಿಯೇ ಇನ್ನೂ ಹುಟ್ಟಿಲ್ಲ.

ರಸಾಯನಜ್ಞೆ: ಹೌದು, ಕೋಷ್ಟಕಗಳಲ್ಲಿ ಅದಕ್ಕೆ ಕೊಡುವ ಅಂಕಿ ಲೆಕ್ಕಾಚಾರದಿಂದ ಬಂದದ್ದು, ಅದನ್ನು ಅಳತೆಯೆಂದು ಓದಬಾರದು.